ಬ್ರೋಮಿನ್ ಸಂತೆಗೆ ಹೋದ ಕತೆ

ಈ ಸಲ ಹುಣಸೆ ತೊಕ್ಕಿನ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ನಾಕೈದು ಜನ ಫೋನ್ ಮಾಡಿ ಕೇಳಿದ್ರಿ ಕೂಡಾ. ತೊಕ್ಕು ಆಗ್ಲಿಲ್ಲ ಕಣ್ರಮ್ಮಾ. ಹುಣಸೆಹಣ್ಣು ಬೀಜ ಸಮೇತ ಇನ್ನೂ ಮೊರದಲ್ಲೇ ಐತೆ. ಒಂದು ತಿಂಗಳಿಂದ ನಮ್ಮನೇಲಿ ಅಡಿಗೆಗಿಂತ ಕೆಮಿಸ್ಟ್ರಿ ಜಾಸ್ತಿ ನಡೀತೈತೆ. ಅದನ್ನೇ ಬರೀತೀನಿ. ತೊಕ್ಕು ಎಲ್ಲಿಗೂ ಓಡೋಗಲ್ಲ.

ನಮ್ಮ ಕೊನೇ ತಂಗಿ ಆಂಡರ್ಸನ್‌ಪೇಟೇಲಿ ಇರೋದು ನಿಮ್ಗೆಲ್ಲ ಗೊತ್ತು. ಅವಳ ಮಗಳು, ನಮ್ಮ ಪುಟ್ಟಿ, ಸೆಕೆಂಡ್ ಪಿಯುಸಿ. ಮಾರ್ಚಿನ ಎಕ್ಸಾಮಲ್ಲಿ ಎಲ್ಲಾ ಪಾಸು, ಕೆಮಿಸ್ಟ್ರಿ ಒಂದ್ರಲ್ಲಿ ಹೋಯ್ತು. ಈಗೆಲ್ಲಾ ಎಕ್ಸಾಮ್ ಒಂದು, ಎರಡು ಅಂತ ಮಾಡವ್ರೆ, ನಮ್ಮ ಕಾಲದ ಹಂಗೆ ಒಂದು ಸಲ ಬಿದ್ರೆ ಆರು ತಿಂಗಳು ಮೂಲೇಲಿ ಕೂರೋದೇನಿಲ್ಲ. ಆದ್ರೂ ತಂಗಿ ಮನಸ್ಸು ಕೆಟ್ಟೋಯ್ತು. ‘ಅಕ್ಕಾ, ಇವಳ ಕೈಲಿ ಆಗಲ್ಲ. ಒಂದು ಲೆಕ್ಕಕ್ಕೆ ಅರ್ಧ ಗಂಟೆ ಕೂತ್ಕೋತಾಳೆ. ಪೇಪರ್ ಮುಗಿಸೋದೇ ಇಲ್ಲ. ನರಸಾಪುರದ ಫ್ಯಾಕ್ಟರಿಗೆ ಹುಡ್ಗೀರ್ನ ಬಸ್ಸಲ್ಲೇ ಕರ್ಕೊಂಡೋಗ್ತಾರೆ, ಅಲ್ಲಿಗೆ ಹಾಕ್ಬಿಡ್ತೀನಿ’ ಅಂದ್ಳು. ಫಾರಂ ಕೂಡ ತಂದಿಟ್ಟಿದ್ಳು. ಫ್ಯಾಕ್ಟರಿ ಕೆಲಸ ಕೆಟ್ಟದ್ದು ಅಂತ ನಾನು ಅನ್ನಲ್ಲ. ನಮ್ಮ ಬೀದೀಲೇ ಮೂರು ಮನೆ ಅದರಿಂದ ನಿಂತಿರೋದು. ಆದ್ರೆ ಹುಡುಗಿ ಮೂಲೇಲಿ ನಿಂತು ಕಣ್ಣೊರೆಸ್ಕೊಳ್ತಿದ್ಳು. ಅದಕ್ಕೆ ‘ಒಂದು ತಿಂಗ್ಳು ನನ್ನತ್ರ ಬಿಡು, ಎರಡನೇ ಎಕ್ಸಾಮ್ ಬರೀಲಿ, ಆಮೇಲೆ ನೋಡು’ ಅಂದು ಬಂಗಾರಪೇಟೆಗೆ ಕರ್ಕೊಂಬಂದೆ.

ಕರ್ಕೊಂಬಂದ್ಮೇಲೆ ನಂಗೇ ಎದೆ ಡವಡವ. ನಾನು ಪಿಯುಸಿ ಸೈನ್ಸ್ ಮಾಡಿದ್ದು 1986ರಲ್ಲಿ. ಚಾಂಪಿಯನ್ ರೀಫ್ಸ್ ಲೈನ್ ಮನೇಲಿ, ನಮ್ಮಪ್ಪ ಶಿಫ್ಟು ಮುಗಿಸಿ ಬಂದು ಮಲ್ಕೊಂಡಾಗ ಲೈಟ್ ಹಾಕಂಗಿಲ್ಲ ಅಂತ ಬಾಗ್ಲಲ್ಲಿ ಕೂತು ಓದಿದ್ದು. ಪಾಸಾದೆ. ಬಿ.ಎಸ್ಸಿ. ಆಸೆ ಇತ್ತು, ಅಪ್ಪನ ಎದೆ ಹಾಳಾಗಿತ್ತು, ನಂಗೆ ಮದುವೆ ಆಯ್ತು. ಅದು ಬೇರೆ ಕತೆ, ಇನ್ನೊಂದು ದಿನ.

ಪುಟ್ಟಿ ಟೆಸ್ಟ್ ಪೇಪರ್ ನೋಡ್ತಾ ಕೂತಾಗ ಒಂದು ಕಡೆ ಕೆಂಪು ಇಂಕಿನ ಗೀಟು ಕಾಣ್ತು. ಪ್ರಶ್ನೆ ಏನಪ್ಪಾ ಅಂದ್ರೆ, ಆಲ್ಕೇನ್‌ಗೆ ಬೆಳಕಲ್ಲಿ ಕ್ಲೋರಿನ್ ಹಾಕಿದ್ರೆ ನಾನಾ ತರದ ವಸ್ತು ಕಲಬೆರಕೆ ಆಗಿ ಬರ್ತೈತೆ, ಬ್ರೋಮಿನ್ ಹಾಕಿದ್ರೆ ಹೆಚ್ಚುಕಮ್ಮಿ ಒಂದೇ ಬರ್ತೈತೆ, ಯಾಕೆ? ಇವಳು ಬರ್ದಿದ್ಳು: ‘ಬ್ರೋಮಿನ್ ಹೆಚ್ಚು ಶಕ್ತಿಶಾಲಿ, ಅದಕ್ಕೆ ಸರಿಯಾಗಿ ಆರಿಸುತ್ತದೆ.’ ನಂಗೆ ನಗು ಬಂತು, ಹಿಂದೇನೇ ಹೊಟ್ಟೇಲಿ ಏನೋ ಕಿವುಚಿದಂಗೆ ಆಯ್ತು. ಯಾಕಂದ್ರೆ ನಮ್ಮ ಕಾಲೇಜ್ ಟೆಸ್ಟಲ್ಲಿ ನಾನೂ ಇದೇ ಜಾತಿ ತಪ್ಪು ಬರ್ದಿದ್ದೆ. ‘ಕ್ಲೋರಿನ್ ಬಲಶಾಲಿ, ಆದ್ದರಿಂದ ಅದರಿಂದ ಶುದ್ಧ ವಸ್ತು ಸಿಗುತ್ತದೆ’ ಅಂತ. ಬಲ ಇದ್ದೋರು ತಾನೇ ಬೇಕಾದ್ದನ್ನ ಆರಿಸ್ಕೊಳ್ಳೋದು, ಲೋಕದಲ್ಲಿ ಹಂಗೇ ತಾನೇ ಅಂತ ನನ್ನ ತಲೇಲಿ. ಮೇಷ್ಟ್ರು ಅಡ್ಡಗೀಟು ಹಾಕಿದ್ರು, ಯಾಕೆ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಸುಮಾರು ನಲವತ್ತು ವರ್ಷ ಕೇಳ್ಲಿಲ್ಲ.

ಅವತ್ತು ರಾತ್ರಿ ನಮ್ಮ ಹುಡುಗನ ಹಳೇ ಎಂಟ್ರೆನ್ಸ್ ಪುಸ್ತಕ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಕನ್ನಡಕ ಹಾಕ್ಕೊಂಡು ಕೂತೆ. ಎರಡು ರಾತ್ರಿ ಹಿಡೀತು. ಮೂರನೇ ದಿನ ಬೆಳಿಗ್ಗೆ ಪುಟ್ಟೀನ ಅಡಿಗೆಮನೆಗೆ ಕರ್ದು ಗ್ಯಾಸ್ ಸಿಲಿಂಡರ್ ತೋರ್ಸಿ, ‘ಇದರಲ್ಲಿ ಏನೈತೆ?’ ಅಂದೆ.

‘ಗ್ಯಾಸು.’

‘ಅದೇ ನಿನ್ನ ಆಲ್ಕೇನು ಕಣೆ. ಪ್ರೊಪೇನು, ಬ್ಯೂಟೇನು, ಐಸೋಬ್ಯೂಟೇನು. ಮುದ್ದೆ ಬೇಯಿಸೋದು ಇದರಲ್ಲೇ.’ (ಆ ವಾಸ್ನೆ ಇದರದ್ದಲ್ಲ, ಲೀಕ್ ಆದ್ರೆ ತಿಳೀಲಿ ಅಂತ ಮರ್ಕ್ಯಾಪ್ಟನ್ ಅಂತ ಬೇರೆ ಸೇರ್ಸಿರ್ತಾರೆ.)

ಈಗ ನಿಮಗೂ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ. ಕಾರ್ಬನ್ ಅಂದ್ರೆ ನಾಕು ಕೈ ಇರೋ ಹೆಂಗಸು ಅಂದ್ಕೊಳ್ಳಿ. ಪ್ರೊಪೇನಲ್ಲಿ ಮೂರು ಜನ ಸಾಲಾಗಿ ಕೈ ಹಿಡ್ಕೊಂಡವ್ರೆ. ಆ ತುದಿ ಈ ತುದಿಯೋರಿಗೆ ಪಕ್ಕದಲ್ಲಿ ಒಬ್ಬಳೇ ನೆರೆಯೋಳು, ಉಳಿದ ಮೂರು ಕೈಲಿ ಮೂರು ಹೈಡ್ರೋಜನ್ ಮಕ್ಳು. ನಡುವಿನೋಳಿಗೆ ಎರಡೂ ಕಡೆ ನೆರೆ, ಎರಡೇ ಮಕ್ಳು. ಐಸೋಬ್ಯೂಟೇನಲ್ಲಿ ನಡುವಿನೋಳಿಗೆ ಮೂರು ಕಡೆ ಮೂರು ಜನ, ಕೈಲಿ ಒಂದೇ ಮಗು. ಒಂದೇ ನೆರೆ ಇರೋ ಜಾಗ ಪ್ರೈಮರಿ, ಎರಡಿದ್ರೆ ಸೆಕೆಂಡರಿ, ಮೂರಿದ್ರೆ ಟರ್ಷಿಯರಿ.

ಬೆಳಕು ಬಿದ್ರೆ ಕ್ಲೋರಿನ್ ಜೋಡಿ ಒಡೆದು ಎರಡು ಒಂಟಿ ಅಣು ಆಗ್ತವೆ. ಅವನ್ನೇ ಫ್ರೀ ರ‍್ಯಾಡಿಕಲ್ ಅನ್ನೋದು. ಒಂಟಿ ಆದದ್ದು ಸುಮ್ನಿರಲ್ಲ, ಆಲ್ಕೇನ್ ಕೈಲಿರೋ ಒಂದು ಹೈಡ್ರೋಜನ್ ಕಿತ್ಕೊಂಡು ಹೋಗ್ತೈತೆ. ಈಗ ಆ ಕಾರ್ಬನ್ ಒಂದು ಕೈ ಖಾಲಿ. ಅವಳು ಇನ್ನೊಂದು ಕ್ಲೋರಿನ್ ಜೋಡಿಯಿಂದ ಒಂದನ್ನ ಎಳ್ಕೊಳ್ತಾಳೆ, ಅಲ್ಲಿ ಮತ್ತೊಂದು ಒಂಟಿ ಆಗ್ತೈತೆ. ಹಿಂಗೇ ಸರಪಳಿ.

ಯಾರ ಕೈಯಿಂದ ಕೀಳೋದು ಸುಲಭ? ಸುತ್ತ ಮೂರು ಜನ ಇರೋಳ ಕೈಯಿಂದ. ಒಂದು ಕೈ ಖಾಲಿ ಆದ್ರೂ ಪಕ್ಕದೋರು ಆತು ನಿಲ್ಲಿಸ್ತಾರೆ. ತುದೀಲಿರೋಳಿಗೆ ಆ ಆಸರೆ ಕಮ್ಮಿ. ಇದು ಹೇಳ್ವಾಗ ನಂಗೆ ನಮ್ಮ ಲೈನ್ ಮನೆಗಳು ನೆನಪಾದ್ವು. ಗಣಿ ಒಳಗೆ ಕಲ್ಲು ಸಿಡಿದು ಯಾರ ಮನೇಲಾದ್ರೂ ಗಂಡಸು ಹೋದ್ರೆ ಆ ಮನೆ ಒಲೆ ಮೂರು ತಿಂಗ್ಳು ಅಕ್ಕಪಕ್ಕದೋರೇ ಉರಿಸ್ತಿದ್ರು. ತಮಿಳೋರು, ತೆಲುಗೋರು, ನಾವು, ಭೇದ ಇರ್ಲಿಲ್ಲ.

ಇಷ್ಟು ಪುಟ್ಟಿಗೆ ಅರ್ಥ ಆಯ್ತು. ‘ಸರಿ ದೊಡ್ಡಮ್ಮ, ಹಂಗಾದ್ರೆ ಕ್ಲೋರಿನ್ನೂ ಸುಲಭದ್ದನ್ನೇ ಕೀಳ್ಬೇಕಲ್ಲ, ಯಾಕೆ ಎಲ್ಲಾ ಕಡೆ ಕೈ ಹಾಕ್ತೈತೆ?’ ಅಂದ್ಳು. ಒಳ್ಳೇ ಪ್ರಶ್ನೆ. ಅದಕ್ಕೇ ನಾನು ಎರಡು ರಾತ್ರಿ ಕೂತಿದ್ದು.

ಪರ್ಸ್ ತಂದು ಮುಂದೆ ಇಟ್ಟೆ. ಒಂದು ಹೈಡ್ರೋಜನ್ ಕೀಳೋಕೆ ಖರ್ಚಾಗೋ ಎನರ್ಜಿ ಬೆಲೆ ಅಂದ್ಕೋ. ಪ್ರೈಮರಿ ಅಂಗಡೀಲಿ ಸುಮಾರು 420, ಸೆಕೆಂಡರೀಲಿ 410, ಟರ್ಷಿಯರೀಲಿ 400. ಲೆಕ್ಕ ಕಿಲೋಜೌಲಲ್ಲಿ, ಒಂದು ಮೋಲ್‌ಗೆ. ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಆಚೀಚೆ ಇರ್ತೈತೆ. ಇನ್ನು, ಕಿತ್ಕೊಂಡ ಹೈಡ್ರೋಜನ್ ಜೊತೆ ಹ್ಯಾಲೊಜನ್ ಸೇರ್ಕೊಂಡಾಗ ಎಷ್ಟು ಎನರ್ಜಿ ಬರ್ತೈತೋ ಅದು ಅದರ ಪರ್ಸಲ್ಲಿರೋ ದುಡ್ಡು. ಫ್ಲೋರಿನ್ ಪರ್ಸಲ್ಲಿ ಸುಮಾರು 570. ಕ್ಲೋರಿನ್‌ಗೆ 431. ಬ್ರೋಮಿನ್‌ಗೆ 366. ಅಯೋಡಿನ್‌ಗೆ ಸುಮಾರು 298.

‘ಈಗ ಸಂತೆಗೆ ಕಳ್ಸು’ ಅಂದೆ.

ಪುಟ್ಟಿ ನಿಧಾನ ಅಂತ ಅವಳಮ್ಮ ಬೈತಾಳಲ್ಲ, ನಿಧಾನಕ್ಕೇ ಬರೀತಾ ಹೋದ್ಳು. ಕ್ಲೋರಿನ್ ಕೈಲಿ 431. ಯಾವ ಅಂಗಡಿಗೆ ಹೋದ್ರೂ ಕೊಂಡು ಇನ್ನೂ ಚಿಲ್ಲರೆ ಮಿಗ್ತೈತೆ. ಅದಕ್ಕೆ ಬೆಲೆ ಕೇಳೋ ಗರಜು ಕಮ್ಮಿ. ಎದುರಿಗೆ ಬಂದ ಅಂಗಡೀಲೇ ತಗೊಂಡ್ಬಿಡ್ತೈತೆ, ಒಂಚೂರು ಮಾತ್ರ ಅಗ್ಗದ ಕಡೆ ವಾಲ್ತೈತೆ. ಬ್ರೋಮಿನ್ ಕೈಲಿ 366. ಎಲ್ಲಿ ಹೋದ್ರೂ ಸಾಲ. ಒಂದು ಕಡೆ 54, ಒಂದು ಕಡೆ 44, ಒಂದು ಕಡೆ 34. ಅಲ್ಲಿಗೆ ಪೆನ್ ನಿಲ್ಲಿಸಿ ನನ್ನ ಮುಖ ನೋಡಿದ್ಳು. ‘ದೊಡ್ಡಮ್ಮ, ದುಡ್ಡಿಲ್ಲದ್ದಕ್ಕೇ ಅದು ಆರಿಸೋದಾ!’

ಹೂಂ ಕಣೆ. ಬಲ ಇರೋದಕ್ಕಲ್ಲ. ಅಣುಗೆ ಕಣ್ಣಿಲ್ಲ, ಬುದ್ಧಿಯಿಲ್ಲ, ಅದೇನೂ ಅಂಗಡಿ ಮುಂದೆ ನಿಂತು ಯೋಚ್ನೆ ಮಾಡಲ್ಲ, ಇದು ನಾವು ಕಟ್ಕೊಂಡ ಕತೆ. ನಿಜವಾಗಿ ಆಗೋದು ಡಿಕ್ಕಿ. ಕ್ಲೋರಿನ್ ಎಲ್ಲಿ ಡಿಕ್ಕಿ ಹೊಡೆದ್ರೂ ಹತ್ತಬೇಕಾದ ದಿಬ್ಬ ಸಣ್ಣದು, ಸುಮಾರು ಸಲ ದಾಟ್ಬಿಡ್ತೈತೆ. ಬ್ರೋಮಿನ್‌ಗೆ ಮುಂದೆ ನಮ್ಮ ಕೆಜಿಎಫ್ ಸೈನೈಡ್ ಗುಡ್ಡದಂಥ ದಿಬ್ಬ. ಬಹಳ ಸಲ ಡಿಕ್ಕಿ ಹೊಡೆದು ಜಾರಿ ವಾಪಸ್ ಬರ್ತೈತೆ. ಮೂರು ಗುಡ್ಡದಲ್ಲಿ ತಗ್ಗಾಗಿರೋದು ಯಾವುದೋ ಅದನ್ನ ಮಾತ್ರ ಆಗೊಂದು ಈಗೊಂದು ಸಲ ದಾಟ್ತೈತೆ. ಅದಕ್ಕೇ ಅದು ನಿಧಾನ, ಅದಕ್ಕೇ ಅದು ಆರಿಸಿದಂಗೆ ಕಾಣೋದು. ಪರೀಕ್ಷೇಲಿ ಈ ಗುಡ್ಡದ ಮಾತೇ ಬರೀ, ಪರ್ಸ್ ಗಿರ್ಸ್ ಬರೀಬೇಡ ಅಂತ ಮೂರು ಸಲ ಹೇಳ್ದೆ.

ಅಂಕಿ ನೋಡಿದ್ರೆ ನಿಮಗೂ ಆಶ್ಚರ್ಯ ಆಗ್ತೈತೆ. ಒಂದೊಂದು ಹೈಡ್ರೋಜನ್ ಲೆಕ್ಕದಲ್ಲಿ ಪ್ರೈಮರಿ ಒಂದು ಸಲ ಹೋದ್ರೆ, ಕ್ಲೋರಿನ್ ಕೈಲಿ ಸೆಕೆಂಡರಿ 3.8 ಸಲ, ಟರ್ಷಿಯರಿ 5 ಸಲ. ಇದು ಮಾಮೂಲಿ ಮನೆ ಬಿಸೀಲಿ. ಬ್ರೋಮಿನ್‌ಗೆ, 127 ಡಿಗ್ರೀಲಿ, ಸೆಕೆಂಡರಿ 82, ಟರ್ಷಿಯರಿ 1600! ನಾನು ಆ ಸೊನ್ನೆಗಳನ್ನ ಎರಡು ಸಲ ಎಣಿಸ್ದೆ.

ಅದನ್ನೇ ಸಿಲಿಂಡರಿಗೆ ಹಾಕಿ ನೋಡಿ. ಪ್ರೊಪೇನಲ್ಲಿ ತುದೀಲಿ ಆರು, ನಡುವೆ ಎರಡು. ಕ್ಲೋರಿನ್ ಹಾಕಿದ್ರೆ ತುದಿದು ಸುಮಾರು 45 ಪಾಲು, ನಡುವಿಂದು 55 ಪಾಲು. ಕಲಬೆರಕೆ, ಬಿಡಿಸೋದೇ ಒಂದು ಪಾಡು. ಬ್ರೋಮಿನ್ ಹಾಕಿದ್ರೆ ನಡುವಿಂದೇ 97 ಪಾಲು. ಐಸೋಬ್ಯೂಟೇನಲ್ಲಿ ಇನ್ನೂ ಚೆಂದ. ಅಲ್ಲಿ ತುದೀಲಿ ಒಂಬತ್ತು, ನಡುವೆ ಒಂದೇ ಒಂದು. ಕ್ಲೋರಿನ್‌ಗೆ ಒಂಬತ್ತು ಅಂಗಡಿ ಎದುರಿಗೇ ಸಿಗ್ತವಲ್ಲ, 64 ಪಾಲು ಅಲ್ಲೇ ಕೊಂಡ್ಬಿಡ್ತೈತೆ. ಬ್ರೋಮಿನ್ ಒಂಬತ್ತೂ ಅಂಗಡಿ ದಾಟ್ಕೊಂಡು ಮೂಲೇಲಿರೋ ಒಂದೇ ಅಂಗಡಿಗೆ ಹೋಗ್ತೈತೆ, ನೂರಕ್ಕೆ 99ಕ್ಕಿಂತ ಜಾಸ್ತಿ ಸಲ. ಪುಟ್ಟಿ ಇದನ್ನ ತಾನೇ ಗುಣಿಸಿ ತಾಳೆ ಹಾಕಿದ್ಳು. ಒಂಬತ್ತು ಒಂದ್ಲ ಒಂಬತ್ತು, ಒಂದು ಐದ್ಲ ಐದು, ಹದಿನಾಕರಲ್ಲಿ ಒಂಬತ್ತು ಅಂದ್ರೆ 64. ತಾಳೆ ಆದಾಗ ಅವಳ ಮುಖ ನೋಡ್ಬೇಕಿತ್ತು.

ಬಿಸಿ ಜಾಸ್ತಿ ಮಾಡಿದ್ರೆ ಈ ಆರಿಸೋದೆಲ್ಲ ಕಮ್ಮಿ ಆಗ್ತೈತಂತೆ. ಎಲ್ಲರ ಕೈಲೂ ದುಡ್ಡು ಓಡಾಡಿದ್ರೆ ಚೌಕಾಸಿ ಯಾರು ಮಾಡ್ತಾರೆ.

ಫ್ಲೋರಿನ್ ಕತೆ ಕೇಳೋದೇ ಬೇಡ. ಕೈಲಿ 570, ಬೆಲೆ 400ರ ಆಸುಪಾಸು. ಅದು ಕೊಳ್ಳೋದಲ್ಲ, ಸಂತೆಗೇ ಬೆಂಕಿ ಇಡೋದು. ಹತೋಟಿಗೇ ಸಿಗಲ್ಲ ಅಂತ ಪುಸ್ತಕದಲ್ಲೇ ಐತೆ. ಇಲ್ಲಿ ಪುಟ್ಟಿ, ‘ಅಯ್ಯೋ, ನಮ್ಮ ಕೋಲಾರದ ಬೋರ್ ನೀರಲ್ಲಿ ಇರೋದು ಅದೇನಾ?’ ಅಂತ ಗಾಬರಿ ಆದ್ಳು. ಅಲ್ಲ. ಅದು ಫ್ಲೋರೈಡು. ಎಲೆಕ್ಟ್ರಾನ್ ಸಿಕ್ಕಿ ಹೊಟ್ಟೆ ತುಂಬಿರೋದು, ಹಂಗೆ ಮೇಲೆ ಬಿದ್ದು ಕಿತ್ಕೊಳ್ಳಲ್ಲ. ಆದ್ರೆ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಒಳ್ಳೇದಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಗೆರೆ ಬಿದ್ದಿರೋದು, ವಯಸ್ಸಾದೋರ ಕೀಲು ಬಿಗಿದು ಬೆನ್ನು ಬಗ್ಗಿರೋದು ನೀವೂ ನೋಡಿದ್ದೀರಿ. ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ನೀರು ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ. ನೀರು ಆವಿ ಆಗಿ ಅದು ಇನ್ನೂ ಗಟ್ಟಿ ಆಗ್ತೈತೆ. ಕುಡಿಯೋಕೆ ಫಿಲ್ಟರ್ ಘಟಕದ ನೀರೇ ತನ್ನಿ. ಹಂಗೇ ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಆಸಿಡ್ ಸುರೀಬೇಡಿ. ಒಳಗಿಂದ ಕ್ಲೋರಿನ್ ಗ್ಯಾಸೇ ಎದ್ದು ಬರ್ತೈತೆ, ಎದೆ ಹಿಡ್ಕೊಳ್ತೈತೆ. ನಮ್ಮ ಓರಗಿತ್ತಿ ಒಂದು ಸಲ ಮಾಡಿ ಬುದ್ಧಿ ಕಲ್ತವ್ಳೆ.

ಇನ್ನು ಅಯೋಡಿನ್. ಉಪ್ಪಿನ ಪ್ಯಾಕೆಟ್ ಮೇಲೆ ಹೆಸ್ರು ಇರೋದು. ಅದರ ಪರ್ಸಲ್ಲಿ 298, ಎಲ್ಲಿಗೆ ಹೋದ್ರೂ ನೂರಕ್ಕಿಂತ ಜಾಸ್ತಿ ಸಾಲ. ಹೋದ್ರೂ ಕೊಳ್ಳೋಕಾಗಲ್ಲ, ಕೊಂಡ್ರೂ ವಾಪಸ್ ಕೊಟ್ಬಿಡ್ತೈತೆ. ಪುಟ್ಟಿ ಪೆನ್ನು ಇಟ್ಟು, ‘ದೊಡ್ಡಮ್ಮ, ನೀವು ನನ್ನ ಬ್ರೋಮಿನ್ ಅಂದ್ಕೊಂಡಿದ್ದೀರ. ನಾನು ಬ್ರೋಮಿನ್ ಅಲ್ಲ, ಅಯೋಡಿನ್ನು. ಅಮ್ಮ ಹೇಳೋದೇ ಸರಿ’ ಅಂದ್ಳು. ನಗ್ತಾನೇ ಅಂದ್ಳು. ನಂಗೆ ನಗು ಬರ್ಲಿಲ್ಲ.

ಪುಸ್ತಕದ ಮುಂದಿನ ಸಾಲು ತೋರ್ಸಿದೆ. ಅಯೋಡಿನ್ ಜೊತೆ ಅಯೋಡಿಕ್ ಆಸಿಡ್ಡೋ ನೈಟ್ರಿಕ್ ಆಸಿಡ್ಡೋ ಹಾಕಿದ್ರೆ ಕೆಲಸ ಆಗ್ತೈತೆ. ಹಿಂದಕ್ಕೆ ಎಳೆಯೋ ಹೈಡ್ರೋಜನ್ ಅಯೋಡೈಡನ್ನ ಅದು ಅಲ್ಲಿಂದ ತೆಗೆದ್ಹಾಕ್ತೈತೆ, ಹಿಂದೆ ಎಳೆಯೋರು ಇಲ್ದಿದ್ರೆ ಅಯೋಡಿನ್ನೂ ಮುಂದಕ್ಕೆ ಹೋಗ್ತೈತೆ. ‘ಓದು’ ಅಂದೆ. ಜೋರಾಗಿ ಓದಿದ್ಳು. ಅದಾದ್ಮೇಲೆ ನಾನು ಸಾರಿಗೆ ಒಗ್ಗರಣೆ ಹಾಕೋಕೆ ಎದ್ದೋದೆ.

ಎಕ್ಸಾಮಿಗೆ ನಾಕು ದಿನ ಇರ್ಬೇಕಾದ್ರೆ ತಂಗಿ ಬಂದ್ಳು. ಬ್ಯಾಗಲ್ಲಿ ಆ ಫಾರಂ ಇತ್ತು, ನಂಗೆ ಗೊತ್ತಾಯ್ತು. ಬರ್ತಾ ಸ್ಟೇಷನ್ ಹತ್ರ ಪಾನಿಪೂರಿ ಬೇರೆ ಕಟ್ಟಿಸ್ಕೊಂಡು ಬಂದಿದ್ಳು, ನಮ್ಮ ಬಂಗಾರಪೇಟೆ ಬಿಳೀ ನೀರಿನ ಪಾನಿಪೂರಿ. ತಿನ್ನೋವಾಗ ನಾನು ಸುಮ್ನೆ, ‘ಪುಟ್ಟಿ, ನಿಮ್ಮಮ್ಮಂಗೆ ಸಂತೆ ಲೆಕ್ಕ ಹೇಳು’ ಅಂದೆ. ಪುಟ್ಟಿ ಶುರು ಮಾಡಿದ್ಳು. 431, 366, ಅಂಗಡಿ, ಸಾಲ. ತಂಗಿ ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದೋಳು. ಮೊದ್ಲು ಪೂರಿ ಕಡೆಗೇ ಗಮನ. ಅರ್ಧಕ್ಕೆ ಬಂದಾಗ ಕೈ ನಿಲ್ಲಿಸಿ, ‘ಅಯ್ಯೋ, ಅದರಲ್ಲೇನೈತೆ, ಸಾಲ ಮಾಡಿ ಕೊಳ್ಳೋರು ತಾನೇ ಮೂರು ಸಲ ಬೆಲೆ ಕೇಳೋದು’ ಅಂದ್ಳು.

ನಾವಿಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡ್ವಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ನಮ್ಮೆಜಮಾನ್ರ ಸಂಬಳ ನಿಂತೋಯ್ತು. ತಂಗಿಗೆ ಆಗ ಇನ್ನೂ ಮದುವೆ ಆಗಿರ್ಲಿಲ್ಲ, ನಮ್ಮತ್ರನೇ ಇದ್ಳು. ಕೂಸು ಕಟ್ಕೊಂಡು ನಂಗೆ ಹೋಗೋಕಾಗಲ್ಲ ಅಂತ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಅವಳನ್ನೇ ಕಳಿಸ್ತಿದ್ದೆ. ಇಪ್ಪತ್ತು ರೂಪಾಯಿ ಕೊಟ್ರೆ ಮಾರ್ಕೆಟ್ಟು ಮೂರು ಸುತ್ತು ಸುತ್ತಿ, ಎಲ್ಲಾ ಅಂಗಡೀಲಿ ಕೇಳಿ, ಹೊತ್ತು ಇಳಿದ್ಮೇಲೆ ಬರ್ತಿದ್ಳು. ಚೀಲದಲ್ಲಿ ಒಂದು ಕೊಳೆತ ಟಮಾಟ ಇರ್ತಿರ್ಲಿಲ್ಲ. ನಾನು ಬೈತಿದ್ದೆ, ‘ಇಷ್ಟೊತ್ತೇನೇ? ಎಷ್ಟು ನಿಧಾನನೇ ನೀನು?’ ಅಂತ. ಒಂದು ದಿನ ಅಳಿಸಿಯೂ ಬಿಟ್ಟಿದ್ದೆ. ಅದು ಅವಳಿಗೂ ನೆನಪಿತ್ತು ಅನ್ಸ್ತೈತೆ. ನಾನಾಗಿ ಹೇಳ್ಲಿಲ್ಲ, ಅವಳೂ ಕೆದಕ್ಲಿಲ್ಲ. ‘ಇನ್ನೊಂದು ಸಲ ಹೇಳೇ ಪುಟ್ಟಿ, ಆ ಮೂಲೆ ಅಂಗಡಿಗೆ ಸಾವಿರದ ಆರ್ನೂರು ಸಲ ಹೋಗೋದು ಯಾವುದು?’ ಅಂದ್ಳು. ಸಾಯಂಕಾಲದ ಗಾಡಿಗೆ ಹೋಗೋವಾಗ ಫಾರಂ ವಿಷಯ ಎತ್ಲಿಲ್ಲ. ಹರಿದ್ಹಾಕ್ಲೂ ಇಲ್ಲ, ಬ್ಯಾಗಲ್ಲೇ ಐತೆ.

ಎಕ್ಸಾಮ್ ಮುಗೀತು. ಹ್ಯಾಲೋಆಲ್ಕೇನ್ ಚಾಪ್ಟರಿಂದು ಪ್ರಶ್ನೆ ಬಂದಿತ್ತಂತೆ, ಆದ್ರೆ ನಾವು ಇಷ್ಟೆಲ್ಲಾ ಕಷ್ಟಪಟ್ಟ ಈ ಪ್ರಶ್ನೆ ಬರ್ಲಿಲ್ಲ! ಪೇಪರ್ ಪೂರ್ತಿ ಮುಗಿಸಿದ್ಯಾ ಅಂದ್ರೆ, ‘ಕೊನೇದು ಅರ್ಧ ಬಿಟ್ಟೆ ದೊಡ್ಡಮ್ಮ, ಬರ್ದಿದ್ದು ಮಾತ್ರ ಎಲ್ಲಾ ಸರಿ’ ಅಂದ್ಳು. ರಿಸಲ್ಟ್ ಇನ್ನೂ ಬಂದಿಲ್ಲ. ಬಂದಾಗ ಹೇಳ್ತೀನಿ, ಪಾಸಾಗ್ಲಿ ಆಗ್ದೆ ಹೋಗ್ಲಿ.

ನಿನ್ನೆ ಹೊಸ ಸಿಲಿಂಡರ್ ಬಂತು. ಪುಟ್ಟಿ ಸೀಲ್ ನೋಡಿ, 14.2 ಕೆ.ಜಿ. ಅಂತ ಓದಿ, ಅದರ ನೆತ್ತಿ ಮೇಲೆ ಕೈಯಿಟ್ಟು, ‘ಇದರಲ್ಲಿ ಟರ್ಷಿಯರಿ ಹೈಡ್ರೋಜನ್ ಎಷ್ಟಿರ್ಬೋದು ದೊಡ್ಡಮ್ಮ?’ ಅಂದ್ಳು. ಮೊದ್ಲು ಆ ಹುಣಸೆ ಬೀಜ ಬಿಡಿಸು ಬಾರೇ ಅಂದೆ.